ಖಾಲಿ ಆಕಾಶಕ್ಕೊಂದು ಸಾಕ್ಷಿ

ಅಥವಾ ಟೀವಿ ಇದ್ದದ್ದು ಬೀದಿ ಕಡೆಯ ಕಿಟಕಿಯ ಕೆಳಗಲ್ಲ, ಅಡುಗೆಮನೆ ಬಾಗಿಲಿನ ಮಗ್ಗುಲಿಗೇ ಇರಬೇಕು. ಹಾಗಿದ್ದರೆ ಚಾಪೆಯ ಮೇಲೆ ಮಲಗಿದ್ದ ನನಗೆ ಅದರ ಪರದೆ ಕಾಣಿಸುತ್ತಿರಲಿಲ್ಲ. ಕಾಣಿಸುತ್ತಿರಲಿಲ್ಲ ಎಂದಮೇಲೆ, ಕಪ್ಪು ಪರದೆಯ ತಳದಲ್ಲಿ ಒಂಟಿಯಾಗಿ ನಿಂತ ಬಿಳಿ ವಿಮಾನ, ಅದರ ಮೇಲೆ ಏನೇನೂ ಇಲ್ಲದ ಆಕಾಶ, ಇದನ್ನೆಲ್ಲ ನಾನು ಎಲ್ಲಿಂದ ತಂದೆ? ನೋಡಿದ್ದೇನೆ ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅಕ್ಕ ಹೇಳಿದ್ದನ್ನೇ ಕೇಳಿ ಕೇಳಿ ನನ್ನ ತಲೆ ತಾನೇ ಒಂದು ಟೀವಿ ಮಾಡಿಕೊಂಡು, ಅದನ್ನು ತನಗೆ ಅನುಕೂಲವಾದ ಗೋಡೆಗೆ ಇಟ್ಟುಕೊಂಡಿರಬಹುದು ಎಂದು ಈಗ ಅನ್ನಿಸುತ್ತದೆ.

ಇದು ನನ್ನೊಬ್ಬಳ ತಲೆಯ ವಿಷಯವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಅಕ್ಕನಿಗೆ ಸಾಕ್ಷಿ ಬೇಕಾಗಿದೆ. ಆ ಮಧ್ಯಾಹ್ನ ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಎಚ್ಚರವಿದ್ದವಳು ನಾನೊಬ್ಬಳೇ. ಎಚ್ಚರವಿದ್ದೆ ಎಂಬುದನ್ನೂ ಅವಳೇ ಹೇಳಿದ್ದು.

ಖಾತ್ರಿ ಇರುವಷ್ಟನ್ನು ಮೊದಲು ಹೇಳುತ್ತೇನೆ. ನಾವು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಯಂತ್ರಗಳ ರಿಪೇರಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ನಮ್ಮದೂ ಪಕ್ಕದ ಮನೆಯದೂ ಒಂದೇ ಗೋಡೆ. ಪಕ್ಕದವರು ತಮಿಳರು, ಆ ಮನೆಯ ಆಂಟಿಯ ತಮ್ಮ ಸಿಂಗಾಪುರದಿಂದ ಬರುವಾಗ ತನ್ನ ಅಕ್ಕನ ಮಕ್ಕಳಿಗೆಂದು ಒಂದು ಕಂಪ್ಯೂಟರ್ ತಂದುಕೊಟ್ಟಿದ್ದರು. ಕಂಪ್ಯೂಟರ್ ಎಂದರೆ ರಬ್ಬರ್ ಕೀಗಳಿದ್ದ ಒಂದು ಕೀಬೋರ್ಡು, ಅಷ್ಟೇ. ಅದಕ್ಕೆ ತನ್ನದೇ ಪರದೆ ಇರಲಿಲ್ಲ, ಮನೆಯ ಟೀವಿಗೆ ವೈರ್ ಸಿಕ್ಕಿಸಬೇಕಿತ್ತು. ಆಟ ಬರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಹಾಡು ಕೇಳುವ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ ಒತ್ತಿದರೆ ಹಾಡಿನ ಬದಲು ಒಂದು ಕಿರುಚಾಟ ಹೊರಡುತ್ತಿತ್ತು. ಅದು ಮುಗಿಯುವವರೆಗೆ ಉಸಿರು ಬಿಗಿಹಿಡಿದು ಕೂತರೆ, ನಮ್ಮ ಅದೃಷ್ಟ ಚೆನ್ನಾಗಿದ್ದರೆ, ಟೀವಿಯಲ್ಲಿ ಆಟ ಮೂಡುತ್ತಿತ್ತು. ಮಿಕ್ಸಿಗೆ ಕಲ್ಲು ಸಿಕ್ಕಿಕೊಂಡ ಹಾಗೆ ಕೇಳುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಆಗ ಮಿಕ್ಸಿ ಇತ್ತೇ? ಇರಲಿಲ್ಲವೇನೋ. ಹೋಲಿಕೆಯೂ ಆಮೇಲೆ ಸೇರಿಕೊಂಡದ್ದಿರಬೇಕು.

ದಸರಾ ರಜೆಯಲ್ಲಿ ಪಕ್ಕದವರು ಊರಿಗೆ ಹೋದರು. ಬೀಗ ಹಾಕಿದ ಮನೆಯಲ್ಲಿ ಇಲಿ ವೈರ್ ಕಡಿದೀತೆಂದು ಕಂಪ್ಯೂಟರನ್ನು ನಮ್ಮ ಮನೆಯಲ್ಲಿಟ್ಟು, ಮಕ್ಕಳು ಬೇಕಾದರೆ ಆಡಿಕೊಳ್ಳಲಿ ಎಂದರು. ನಾವು ಆಡಿದೆವು. ಇದ್ದದ್ದು ಒಂದೇ ಆಟ. ಮೇಲೆ ಆಕಾಶದಲ್ಲಿ ಹುಳುಗಳಂಥ ಶತ್ರು ಹಡಗುಗಳು ಸಾಲಾಗಿ ನಿಂತಿರುತ್ತವೆ, ಒಂದೊಂದಾಗಿ ಸಾಲು ಬಿಟ್ಟು ಸುತ್ತುತ್ತಾ ನಮ್ಮ ಮೇಲೆ ಎರಗುತ್ತವೆ. ಕೆಳಗೆ ನಮ್ಮ ವಿಮಾನ. ಒಂದು ಕೀ ಎಡಕ್ಕೆ, ಒಂದು ಬಲಕ್ಕೆ, ಇನ್ನೊಂದು ಗುಂಡು ಹಾರಿಸುವುದಕ್ಕೆ.

ಆಮೇಲೆ ಆಯುಧಪೂಜೆ ಬಂತು.

ಕಾರ್ಖಾನೆಯ ಊರಿನಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಅಲ್ಲಿ ಯಂತ್ರಗಳನ್ನು ತೊಳೆದು ಹೂವು ಹಾಕಿ ಬೂದುಗುಂಬಳ ಒಡೆದು, ಅಪ್ಪ ಹಣೆ ತುಂಬ ಕುಂಕುಮ ಹಚ್ಚಿಕೊಂಡು ಮನೆಗೆ ಬರುವಷ್ಟರಲ್ಲಿ ಅಮ್ಮ ಇಲ್ಲಿ ಮನೆಯ ಆಯುಧಗಳನ್ನು ಸಾಲಾಗಿ ಇಟ್ಟಿರುತ್ತಿದ್ದಳು. ಅಪ್ಪನ ಸ್ಪ್ಯಾನರುಗಳು, ಹೊಲಿಗೆ ಯಂತ್ರ, ಈಳಿಗೆ ಮಣೆ, ಕತ್ತರಿ, ಸೈಕಲ್ಲು. ಆ ವರ್ಷ ಸಾಲಿನ ಕೊನೆಗೆ ಕಂಪ್ಯೂಟರ್. ಬೇರೆಯವರ ಸಾಮಾನಾದರೂ ನಮ್ಮ ಮನೆಯಲ್ಲಿರುವಾಗ ಪೂಜೆಯಿಲ್ಲದೆ ಬಿಡುವುದು ಹೇಗೆ? ಅಮ್ಮನಿಗೆ ಪೂಜೆಯಲ್ಲಿ ಒಂದು ಕ್ರಮವಿತ್ತು. ಎಲ್ಲಕ್ಕೂ ಮೂರು ಗೆರೆ ವಿಭೂತಿ; ಗಂಧ ಕುಂಕುಮ ಮಾತ್ರ ಆ ವಸ್ತುವಿನಲ್ಲಿ ಯಾವುದು ಕೆಲಸ ಮಾಡುತ್ತದೋ ಆ ಜಾಗಕ್ಕೆ. ಹೊಲಿಗೆ ಯಂತ್ರಕ್ಕಾದರೆ ಸೂಜಿಯ ಹತ್ತಿರ, ಈಳಿಗೆಗಾದರೆ ಅಲಗಿಗೆ, ಸೈಕಲ್ಲಿಗಾದರೆ ಪೆಡಲಿಗೆ. ಕಂಪ್ಯೂಟರ್ ಮುಂದೆ ಕೂತು ಗಂಧದ ಬಟ್ಟಲು ಹಿಡಿದುಕೊಂಡು ಅವಳು ಅಕ್ಕನನ್ನು ಕೇಳಿದಳು, ಇದರಲ್ಲಿ ಕೆಲಸ ಮಾಡುವುದು ಯಾವುದೇ ಎಂದು. ಅಕ್ಕ ಯೋಚಿಸಲೇ ಇಲ್ಲ, ಗುಂಡು ಹಾರಿಸುವ ಕೀ ತೋರಿಸಿದಳು.

ಹಾಗಾಗಿ ನೀರಾಗಿ ತೇಯ್ದ ಗಂಧ, ಅದರ ಮೇಲೆ ಕುಂಕುಮ, ಅದರ ಮೇಲೆ ಒಂದು ಸೇವಂತಿಗೆ, ಎಲ್ಲವೂ ಆ ಒಂದು ಕೀಗೆ ಬಿತ್ತು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಗಂಧ ರಬ್ಬರಿನ ಸಂದಿಯಲ್ಲಿ ಇಳಿದು ಅಲ್ಲೇ ಒಣಗಿತು. ವಿಜಯದಶಮಿಯ ದಿನ ಆಟ ಹಾಕಿದಾಗ ವಿಮಾನ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಹೋಗುತ್ತಿತ್ತು, ಗುಂಡು ಮಾತ್ರ ಹಾರುತ್ತಿರಲಿಲ್ಲ. ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅದರಿಂದ ಇನ್ನಷ್ಟು ಒಳಗೆ ಹೋಗಿರಬೇಕು. ಪಕ್ಕದವರು ಬರುವುದರೊಳಗೆ ತಾನಾಗಿ ಸರಿಹೋಗಬಹುದು, ಸದ್ಯಕ್ಕೆ ಅಪ್ಪನಿಗೆ ಹೇಳಬೇಡಿ ಎಂದಳು.

ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಮುಂದಿನದಕ್ಕೆ.

ನಾನು ಆಡುವುದು ಬಿಟ್ಟೆ. ಗುಂಡಿಲ್ಲದ ಮೇಲೆ ಅದರಲ್ಲಿ ಏನಿದೆ? ಅಕ್ಕ ಬಿಡಲಿಲ್ಲ. ಬರೀ ತಪ್ಪಿಸಿಕೊಳ್ಳುತ್ತಾ ಆಡತೊಡಗಿದಳು. ಹಡಗು ಎರಗಿದರೆ ಸರಿಯುವುದು, ಇನ್ನೊಂದು ಎರಗಿದರೆ ಮತ್ತೆ ಸರಿಯುವುದು. ರಜೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಅಪ್ಪ ಮೊದಲ ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ, ಅವಳ ಪ್ರಕಾರ ಹಡಗುಗಳೆಲ್ಲ ಹೋಗಿಬಿಟ್ಟವು. (ಗೊರಕೆ ಎಂದು ಬರೆದೆ. ಅಪ್ಪ ಗೊರಕೆ ಹೊಡೆಯುತ್ತಿದ್ದರೋ ಇಲ್ಲವೋ ನನಗೆ ನೆನಪಿಲ್ಲ. ಮಲಗಿದ ಗಂಡಸಿಗೆ ಒಂದು ಗೊರಕೆ ಸೇರಿಸುವುದು ಬರೆಯುವ ಕೈಗೆ ಅಭ್ಯಾಸವಾಗಿದೆ.) ಎರಗಿದ ಹಡಗುಗಳು ಕೆಳಗಿಳಿದು ಕಾಣೆಯಾದವು, ಮತ್ತೆ ಮೇಲೆ ಬರಲೇ ಇಲ್ಲ, ಸಾಲು ಕರಗುತ್ತಾ ಕರಗುತ್ತಾ ಕೊನೆಗೆ ಆಕಾಶ ಖಾಲಿಯಾಯಿತು ಎಂದು ಅವಳು ಹೇಳುತ್ತಾಳೆ. ಖಾಲಿ ಆಕಾಶದ ಕೆಳಗೆ ಅವಳ ವಿಮಾನ ಸುಮ್ಮನೆ ಅತ್ತಿತ್ತ ಓಡಾಡುತ್ತಿತ್ತಂತೆ. ಅಷ್ಟರಲ್ಲಿ ಕರೆಂಟ್ ಹೋಗಿ ಎಲ್ಲ ಆರಿತು.

ಅಪ್ಪ ಎದ್ದಮೇಲೆ ಅಕ್ಕ ಅವರಿಗೆ ಹೇಳಿದಳು. ಹೇಳುವ ಭರದಲ್ಲಿ ಗುಂಡು ಹಾರದ ಸಂಗತಿಯೂ ಹೊರಬಿತ್ತು. ಅಪ್ಪ ಬೈಯಲಿಲ್ಲ, ನಕ್ಕರು. ಗುಂಡೇ ಬೀಳದಿದ್ದಮೇಲೆ ಶತ್ರು ಯಾಕೆ ಹೋಗುತ್ತಾನೆ, ಬೇಜಾರಾಗಿ ಹೋದನೇ ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದೊಂದು ಮಾತಾಯಿತು. ಯಾರಾದರೂ ನಂಬಲಾಗದ್ದು ಹೇಳಿದರೆ, ಹೆಚ್ಚಾಗಿ ಅಕ್ಕ ಹೇಳಿದರೆ, 'ಆಕಾಶ ಖಾಲಿ ಆಯ್ತಾ?' ಎಂದು ಕೇಳುವುದು. ರಜೆ ಮುಗಿದು ಪಕ್ಕದವರು ಬಂದು ಕಂಪ್ಯೂಟರ್ ತೆಗೆದುಕೊಂಡು ಹೋದರು. ಅದು ಸರಿಹೋಯಿತೋ ಇಲ್ಲವೋ ಅವರು ಹೇಳಲಿಲ್ಲ, ಕೇಳುವ ಧೈರ್ಯ ನಮಗಿರಲಿಲ್ಲ. ಆಮೇಲೆ ಅವರು ಊರು ಬಿಟ್ಟರು, ನಾವು ಶಿವಮೊಗ್ಗಕ್ಕೆ ಬಂದೆವು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಆ ಮಾತು ಮಾತ್ರ ಉಳಿಯಿತು.

ಅಕ್ಕನೂ ಎಲ್ಲರ ಜೊತೆ ನಗುತ್ತಿದ್ದಳು. ಅವಳು ವಿನೋಬನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಅವಳು ಹೇಳಿದರೆ ಡಾಕ್ಟರುಗಳು ಎರಡನೇ ಸಲ ಕೇಳುವುದಿಲ್ಲ. ಮನೆಗೆ ಬಂದರೆ, ರಸ್ತೆಯಲ್ಲಿ ಹಸುವೊಂದು ಬಸ್ ಹತ್ತಲು ನೋಡಿತು ಎಂದರೂ ಆಕಾಶ ಖಾಲಿಯಾಗುತ್ತದೆ.

ಈ ವರ್ಷದ ಶುರುವಿನಲ್ಲಿ ಒಂದು ಭಾನುವಾರ ಅವಳು ಬೆಳಗಿನ ವಾಕಿಂಗಿಗೆ ತುಂಗೆಯ ಕಡೆ ಹೋಗಿದ್ದಾಗ ಸೇತುವೆಯ ಕೆಳಗೆ ಬಂಡೆಯ ಮೇಲೆ ನೀರುನಾಯಿ ನೋಡಿದಳಂತೆ. ಮನೆಗೆ ಬಂದು ತಿಂಡಿಗೆ ಕೂತವರಿಗೆಲ್ಲ ಹೇಳಿದಳು. ಅವಳ ಮಗಳ ಮದುವೆಯಾಗಿ ಇನ್ನೂ ಒಂದು ವರ್ಷ ತುಂಬಿಲ್ಲ; ಹೊಸ ಅಳಿಯ ಇಡ್ಲಿ ಮುರಿಯುತ್ತಾ ಕೇಳಿದನಂತೆ, 'ಅತ್ತೆ, ಆಕಾಶ ಖಾಲಿ ಆಯ್ತಾ?' ಎಲ್ಲರೂ ನಕ್ಕರು. ಅವನಿಗೆ ಆಟವೂ ಗೊತ್ತಿಲ್ಲ, ಭದ್ರಾವತಿಯೂ ಗೊತ್ತಿಲ್ಲ, ಅಪ್ಪನನ್ನು ಅವನು ನೋಡಿದವನೂ ಅಲ್ಲ. ಈ ಮನೆಯಲ್ಲಿ ಅತ್ತೆಗೆ ಹೀಗೆ ಹೇಳುವುದು ಪದ್ಧತಿ ಎಂದಷ್ಟೇ ಕಲಿತಿದ್ದ. ಅಕ್ಕ ಅವನಿಗೆ ಇನ್ನೆರಡು ಇಡ್ಲಿ ಬಡಿಸಿ, ಕೈ ತೊಳೆದುಕೊಂಡು, ಸ್ಕೂಟರ್ ಹತ್ತಿ ಸವಳಂಗ ರಸ್ತೆಯ ನಮ್ಮ ಮನೆಗೆ ಬಂದಳು. ಅಮ್ಮ ಇರುವುದು ನನ್ನ ಜೊತೆ. ಅವಳನ್ನು ಮಾತೂ ಆಡಿಸದೆ ನೇರ ನನ್ನ ಮುಂದೆ ನಿಂತಳು.

'ಅವತ್ತು ನಾನು ಆಟ ಆಡ್ತಿದ್ದಾಗ ನೀನು ಅಲ್ಲೇ ಇದ್ಯಲ್ಲ. ನೋಡಿದ್ಯಾ, ಇಲ್ವಾ? ಒಂದೇ ಮಾತಲ್ಲಿ ಹೇಳು.'

ನೋಡಿದ್ದೆ ಎಂದೆ. ಅವಳು ಲ್ಯಾಬಿನವಳು, ಅಷ್ಟಕ್ಕೆ ಬಿಡಲಿಲ್ಲ. ವಿಮಾನ ಯಾವ ಕಡೆಗಿತ್ತು, ಶಬ್ದ ಬರುತ್ತಿತ್ತೋ ನಿಂತಿತ್ತೋ, ಅಂಕಗಳು ಪರದೆಯ ಯಾವ ಮೂಲೆಯಲ್ಲಿದ್ದವು ಎಂದು ಕೇಳುತ್ತಾ ಹೋದಳು. ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು, ಅದಕ್ಕೇ ಸರಿಯಾಗಿ ಕಾಣಿಸಲಿಲ್ಲ ಎಂದೆ. ಕಿಟಕಿಯ ಹತ್ತಿರ ಟೀವಿ ಎಲ್ಲಿತ್ತೇ ಎಂದಳು.

ಹೀಗೆ ನಾವಿಬ್ಬರೂ ಮುಂದಿನ ಭಾನುವಾರ ಭದ್ರಾವತಿಗೆ ಹೋದೆವು. ಕ್ವಾರ್ಟರ್ಸಿನ ಸಾಲುಗಳಲ್ಲಿ ಈಗ ಬಹಳ ಮನೆ ಖಾಲಿ, ಕೆಲವಕ್ಕೆ ಬಾಗಿಲೂ ಇಲ್ಲ. ನಮ್ಮದಕ್ಕೆ ಬೀಗವಿತ್ತು, ಆದರೆ ಬೀದಿ ಕಿಟಕಿಯ ಒಂದು ರೆಕ್ಕೆ ಹೋಗಿತ್ತು. ಆ ಸಂದಿಯಿಂದ ಇಣುಕಿದೆವು. ಇದು ನಮ್ಮದೇ ಮನೆ ಹೌದೋ ಅಲ್ಲವೋ ಎಂದು ನನಗೆ ಅನುಮಾನ ಬಂದು, ಮೂಲೆಯಿಂದ ಸಾಲನ್ನು ಇನ್ನೊಮ್ಮೆ ನೋಡಿಕೊಂಡು ಬಂದೆ. ಹೌದು. ಕೋಣೆ ನಾನು ತಲೆಯಲ್ಲಿಟ್ಟುಕೊಂಡದ್ದಕ್ಕಿಂತ ಚಿಕ್ಕದು, ಗೋಡೆಗಳು ಅದಲುಬದಲು. ಕಿಟಕಿಯ ಕೆಳಗೆ ಟೀವಿ ಇಡಲು ಜಾಗವಿದೆ, ಆದರೆ ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಇಡೀ ಕೋಣೆಗೆ ಇರುವುದು ಒಂದೇ, ಅಡುಗೆಮನೆ ಬಾಗಿಲಿನ ಮಗ್ಗುಲಲ್ಲಿ, ಹಳೆಯ ಕಪ್ಪು ಸ್ವಿಚ್ಚಿನ ಜೊತೆ. ಟೀವಿ ಅಲ್ಲೇ ಇರಬೇಕು. ಚಾಪೆ ಹಾಸುತ್ತಿದ್ದದ್ದು ಅದೇ ಗೋಡೆಗೆ ಒತ್ತಿ, ಅಲ್ಲಿ ತಂಪೆಂದು. ಆ ಚಾಪೆಯಿಂದ ನನಗೆ ಕಾಣಿಸಬಹುದಾದದ್ದು ಟೀವಿಯ ಪಕ್ಕೆ ಮತ್ತು ಅಕ್ಕನ ಮುಖ.

ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುವಾಗ ಅಕ್ಕ, ನನ್ನ ಮುಖವಾದರೂ ನೆನಪಿದೆಯಾ, ಆಗ ಹೇಗಿತ್ತು ಎಂದು ಕೇಳಿದಳು. ನೆನಪಿಸಿಕೊಳ್ಳಲು ಹೊರಟರೆ ಬಂದದ್ದು ಅವಳ ಈಗಿನ ಮುಖ, ಕನ್ನಡಕದ ಸಮೇತ.

ಸಾಕ್ಷಿ ಹೋಯಿತು, ಆಟವಾದರೂ ಇರಬಹುದಲ್ಲ ಎಂದು ನಾನು ಹುಡುಕಿದೆ. ಆ ಕಾಲದ ಆಟಗಳನ್ನು ಈಗ ಯಾರ್ಯಾರೋ ಜೋಪಾನವಾಗಿ ಎತ್ತಿಟ್ಟಿದ್ದಾರೆ, ಲ್ಯಾಪ್‌ಟಾಪಿನಲ್ಲೇ ಆಡಬಹುದು. ಕಿರುಚಾಟವೂ ಇದೆ, ಬೇಕೆಂದರೆ ಕೇಳಬಹುದು. ಎರಗುವ ಹುಳುಗಳ ಆಟಗಳೇ ಹತ್ತಾರು ಸಿಕ್ಕವು. ಚಿತ್ರ ನೋಡಿ ಅಕ್ಕ ಒಂದನ್ನು ಆರಿಸಿದಳು. ಒಂದು ಸಂಜೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಮಗ್ಗುಲಿಗೆ ಅಮ್ಮ, ಮೊರದಲ್ಲಿ ಅವರೆಕಾಳು ಹಿದುಕುತ್ತಾ. ಭದ್ರಾವತಿಗೆ ಹೋದದ್ದು, ಪ್ಲಗ್ ಪಾಯಿಂಟ್ ಕಂಡದ್ದು, ಎಲ್ಲವನ್ನೂ ನಾನು ಅಮ್ಮನಿಗೆ ಆಗಲೇ ಹೇಳಿದ್ದೆ. ಇದನ್ನು ಓದುವವರು ಗಮನದಲ್ಲಿಟ್ಟುಕೊಳ್ಳಬೇಕು, ನಾನಂತೂ ಇಟ್ಟುಕೊಂಡಿದ್ದೇನೆ.

ಅಕ್ಕ ಗುಂಡಿನ ಕೀ ಮುಟ್ಟಲಿಲ್ಲ. ಮೊದಮೊದಲು ಬೇಗ ಬೇಗ ಸತ್ತಳು. ಆಮೇಲೆ ಬೆರಳುಗಳಿಗೆ ಏನೋ ನೆನಪಾಯಿತು, ಅಥವಾ ನನಗೆ ಹಾಗೆ ಕಂಡಿತು. ಸರಿಯುತ್ತಾ, ನಿಲ್ಲುತ್ತಾ, ಮತ್ತೆ ಸರಿಯುತ್ತಾ ತುಂಬ ಹೊತ್ತು ಉಳಿದಳು. ಹುಳುಗಳು ಎರಗಿದವು, ಕೆಳಗೆ ಮಾಯವಾದವು, ಮೇಲಿನಿಂದ ಮತ್ತೆ ಬಂದು ತಮ್ಮ ಜಾಗದಲ್ಲಿ ನಿಂತವು. ಎಷ್ಟು ಸಲ ಆಡಿದರೂ ಹಾಗೇ. ಸಾಲು ಕರಗಲಿಲ್ಲ.

'ನಮ್ದರಲ್ಲಿ ವಾಪಸ್ ಬರ್ತಿರ್ಲಿಲ್ಲ' ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ನಮ್ಮದು ಬೇರೆ ಕ್ಯಾಸೆಟ್ ಇರಬಹುದು, ಯಾರೋ ನಕಲು ಮಾಡಿದ್ದರ ನಕಲು ಇರಬಹುದು, ನಕಲಿನಲ್ಲಿ ಏನಾದರೂ ಕೆಟ್ಟಿರಬಹುದು ಎಂದು ನಾನು ಹೇಳುತ್ತಿದ್ದೆ. ಇರಬಹುದು ಇರಬಹುದು ಎನ್ನುವಾಗ ಅವಳನ್ನು ಮಗುವಿನಂತೆ ಸಮಾಧಾನ ಮಾಡುತ್ತಿದ್ದೇನೆ ಅನ್ನಿಸಿ ನಿಲ್ಲಿಸಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಹೋಗಲಿ, ಅಪ್ಪ ಹೇಳಿದ್ದೇ ಸರಿಯಿರಬೇಕು, ನಾನೇ ಕನಸು ಕಂಡಿರಬೇಕು ಎಂದಳು. ಆ ನೀರುನಾಯಿಯೂ ಬರೀ ಬೀದಿನಾಯಿಯೇ ಇದ್ದೀತು ಎಂದೂ ಸೇರಿಸಿದಳು. ಅದನ್ನು ಕೇಳಿ ನನಗೆ ಹೆದರಿಕೆಯಾಯಿತು. ಕಣ್ಣನ್ನು ನಂಬಿ ಬದುಕುವವಳು ಅವಳು.

ಅಮ್ಮ ಮೊರದಿಂದ ತಲೆಯೆತ್ತಲಿಲ್ಲ.

'ಕರೆಂಟ್ ಹೋಗಿರ್ಲಿಲ್ಲ ಅವತ್ತು' ಎಂದಳು.

ಇಬ್ಬರೂ ಅವಳ ಕಡೆ ತಿರುಗಿದೆವು.

'ನಾನೇ ಆಫ್ ಮಾಡ್ದೆ. ಅಡುಗೆಮನೆಯಿಂದ ಬರ್ತೀನಿ, ಟೀವೀಲಿ ಏನೂ ಇಲ್ಲ. ಪೂರ್ತಿ ಕಪ್ಪು. ಕೆಳಗೊಂದು ಚೂರು ಬಿಳಿ ಅತ್ಲಾಗೆ ಇತ್ಲಾಗೆ ಹೋಗ್ತಿತ್ತು. ಅಯ್ಯೋ, ನನ್ನ ಕುಂಕುಮ ಈಗ ಟೀವಿಗೂ ಹೋಯ್ತು ಅಂದ್ಕೊಂಡೆ. ಹೊಗೆ ಗಿಗೆ ಬಂದ್ರೆ ಅಂತ ಸ್ವಿಚ್ಚು ಆರಿಸ್ದೆ. ನೀನು ಕರೆಂಟ್ ಹೋಯ್ತು ಅಂದೆ. ನಾನೂ ಹೂಂ ಅಂದೆ.'

ಅಕ್ಕ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದಳು.

'ಮತ್ತೆ ಅಪ್ಪನ ಜೊತೆ ನೀನೂ ನಗ್ತಿದ್ಯಲ್ಲಮ್ಮ ಇಷ್ಟು ವರ್ಷ?'

'ಇನ್ನೇನು ಮಾಡ್ಲಿ ಮಾರಾಯ್ತಿ. ಅವರು ನಗ್ತಾ ಇದ್ದಷ್ಟು ಹೊತ್ತು, ಪಕ್ಕದೋರ ಸಾಮಾನು ಹಾಳಾಯ್ತಲ್ಲ ಅಂತ ಯಾರೂ ಕೇಳ್ತಿರ್ಲಿಲ್ಲ. ಆಮೇಲೆ ಅದು ಅಭ್ಯಾಸ ಆಯ್ತು. ನಿಂಗೆ ಅಷ್ಟು ಚುಚ್ತಿದೆ ಅಂತ ನೀನಾದ್ರೂ ಯಾವತ್ತು ಹೇಳಿದ್ದೆ? ನೀನೂ ನಗ್ತಿದ್ದೆ.'

ಅದು ನಿಜ. ಅಕ್ಕ ನಗುತ್ತಿದ್ದಳು. ಅದಕ್ಕೆ ಮಾತ್ರ ನಾನು ಸಾಕ್ಷಿ ಹೇಳಬಲ್ಲೆ.

ಅಮ್ಮ ಮತ್ತೆ ಅವರೆಕಾಳಿಗೆ ಮರಳಿದಳು. ಅಕ್ಕ ತಾನೂ ಒಂದು ಹಿಡಿ ತೆಗೆದುಕೊಂಡು ಹಿದುಕತೊಡಗಿದಳು. ಆಮೇಲೆ ನಡೆದದ್ದೆಲ್ಲ ಬೇರೆ ಮಾತು: ಯಾರ ಮನೆಯ ನಾಮಕರಣ, ಅವರೆಯ ಸೊಗಡು ಈ ಸಲ ಯಾಕೆ ಕಡಿಮೆ. ಕತ್ತಲಾಗುವ ಮುಂಚೆ ಅಕ್ಕ ಹೊರಟಳು. ನಾನು ಕೆಳಗಿನವರೆಗೆ ಹೋದೆ. ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಅವಳು ಮಹಡಿಯ ಕಡೆ ನೋಡಿ ಕೇಳಿದಳು.

'ಅಮ್ಮ ನೋಡಿದ್ದು ಹೇಳಿದ್ಲಾ, ನನ್ನ ಮುಖ ನೋಡಿ ಹೇಳಿದ್ಲಾ?'

ಆ ಮಾತು ಮೇಜಿನ ಹತ್ತಿರವೇ ನನ್ನ ತಲೆಗೂ ಬಂದಿತ್ತು. ಅಮ್ಮ ಹೇಳಿದ ಕಪ್ಪು, ಕೆಳಗಿನ ಬಿಳಿ ಚೂರು, ಅತ್ತಿತ್ತ ಓಡಾಟ, ಎಲ್ಲವೂ ಅವಳ ಕಣ್ಣೆದುರು ಆಗಷ್ಟೇ ಲ್ಯಾಪ್‌ಟಾಪಿನಲ್ಲಿ ಆಗಿತ್ತು. ಸ್ವಿಚ್ಚು ಅಡುಗೆಮನೆ ಬಾಗಿಲಿನ ಮಗ್ಗುಲಲ್ಲಿತ್ತು ಎಂದು ಅವಳಿಗೆ ನೆನಪು ಮಾಡಿಕೊಟ್ಟವಳು ನಾನೇ. ಸೋತು ಕೂತ ಮಗಳಿಗೆ ತಾಯಿಯೊಬ್ಬಳು ಹೊಂದಿಸಿಕೊಡಬಹುದಾದ ಸಾಕ್ಷ್ಯ ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ. ಇಷ್ಟು ಸರಿಯಾಗಿ ಕೂಡಿಬರುವುದನ್ನು ಕಂಡರೆ ನನಗೆ ಅನುಮಾನ. ಆದರೆ ಕುಂಕುಮ ಟೀವಿಗೂ ಹೋಯಿತೆಂದು ಹೆದರಿದೆ ಎಂದಳಲ್ಲ, ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗೊತ್ತಿಲ್ಲ ಅಕ್ಕ ಎಂದೆ. ನಾನು ನೋಡಿದೆನೋ ಇಲ್ಲವೋ ಅದೂ ಗೊತ್ತಿಲ್ಲ, ಅವತ್ತು ನೋಡಿದ್ದೆ ಅಂದದ್ದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಡ ಎಂದೆ. ಲ್ಯಾಬಿನಲ್ಲಿ ಸ್ಲೈಡ್ ಸರಿಯಿಲ್ಲದಿದ್ದರೆ ಇದೆ ಎಂದೂ ಬರೆಯುವುದಿಲ್ಲ, ಇಲ್ಲ ಎಂದೂ ಬರೆಯುವುದಿಲ್ಲ, ಇನ್ನೊಮ್ಮೆ ರಕ್ತ ತನ್ನಿ ಎನ್ನುತ್ತೇವೆ ಎಂದಳು. ಹೆಲ್ಮೆಟ್ ಹಾಕಿಕೊಂಡಳು. ನಾಳೆ ಬೆಳಿಗ್ಗೆ ಸೇತುವೆಯ ಹತ್ತಿರ ಬರ್ತೀಯಾ ಎಂದು ಕೇಳಿದಳು. ಬರ್ತೀನಿ ಎಂದೆ.

ಹೋದೆವು. ಬಂಡೆಯ ಮೇಲೆ ಏನೂ ಇರಲಿಲ್ಲ. ಅಲ್ಲಿಂದೀಚೆಗೆ ಕೆಲವು ಸಲ ಹೋಗಿದ್ದೇವೆ. ನಾನು ಇನ್ನೂ ನೀರುನಾಯಿ ನೋಡಿಲ್ಲ. ಅಳಿಯ ಆ ಮಾತನ್ನು ಬಿಟ್ಟಿದ್ದಾನೋ ಇಲ್ಲವೋ ಕೇಳಿಲ್ಲ. ಭದ್ರಾವತಿಯ ಆ ಮಧ್ಯಾಹ್ನ ಹಡಗುಗಳು ಹೋದವೋ, ಹೋಗಿದ್ದರೆ ಯಾಕೆ ಹೋದವೋ, ಅಮ್ಮ ಅದನ್ನು ಕಂಡಳೋ, ನಾನು ಚಾಪೆಯ ಮೇಲೆ ಕಣ್ಣು ಬಿಟ್ಟಿದ್ದೆನೋ ಮುಚ್ಚಿದ್ದೆನೋ, ನನಗೆ ಗೊತ್ತಿಲ್ಲ.